ನಾಲ್ಕು ತಂತಿ, ಮೂರು ಸ್ವರ: ಬೇಸ್ ಗಿಟಾರಿನ ಕಾರ್ಡುಗಳ ಕಥೆ

ನಾಕುತಂತಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಬೇಂದ್ರೆಯವರು. ಈ ಬರಹಕ್ಕೂ ಅವರ ಆ ಪುಸ್ತಕಕ್ಕೂ ಏನೂ ಸಂಬಂಧ ಇಲ್ಲ ಅಂತ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಕೋಬೇಡಿ :) ನಾನು ಬರೆಯೋಕೆ ಹೊರಟಿರೋದು ಇನ್ನೊಂದು ನಾಲ್ಕು ತಂತಿಯ ಬಗ್ಗೆ, ಬೇಸ್ ಗಿಟಾರ್ ಅನ್ನೋ ವಾದ್ಯದ ಬಗ್ಗೆ. ಬಾಸ್ ಅಲ್ಲ ಸ್ವಾಮಿ, ಬೇಸ್. ಹಾಡು ಕೇಳುವಾಗ ಇದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ತೆಗೆದುಬಿಟ್ಟರೆ ಮಾತ್ರ ಏನೋ ಕಮ್ಮಿಯಾಯ್ತಲ್ಲ ಅನ್ನಿಸುತ್ತೆ. ಸಾರಿಗೆ ಹಾಕಿದ ಉಪ್ಪಿನ ಥರ.

ಆರು ತಂತಿಯ ಮಾಮೂಲಿ ಗಿಟಾರ್ ಎಲ್ಲರೂ ನೋಡಿರ್ತೀರಿ. ಎಡಗೈ ಬೆರಳುಗಳನ್ನ ಒಂದು ಆಕಾರದಲ್ಲಿ ಇಟ್ಟು, ಬಲಗೈಯಿಂದ ತಂತಿಗಳನ್ನ ಒಟ್ಟಿಗೆ ಬಾರಿಸಿದರೆ ಮೂರು-ನಾಲ್ಕು ಸ್ವರ ಒಂದೇ ಸಲ ಕೇಳುತ್ತಲ್ಲ, ಅದಕ್ಕೆ ಕಾರ್ಡ್ ಅಂತಾರೆ (ಪೋಸ್ಟ್ ಕಾರ್ಡ್ ಅಲ್ಲ!). ಆ ಬೆರಳಿನ ಆಕಾರಕ್ಕೆ ಶೇಪ್ ಅಂತಾರೆ. ಗಿಟಾರ್ ಕಲಿಯೋರು ಶುರುವಿನ ದಿನಗಳಲ್ಲೇ ಇಂಥ ಐದಾರು ಶೇಪ್ ಕಲೀತಾರೆ. ಬೇಸ್ ಕಲಿಯೋರಿಗೆ ಸಾಮಾನ್ಯವಾಗಿ ಯಾರೂ ಹೇಳಿಕೊಡಲ್ಲ. ಬೇಸಿನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಅನ್ನೋದು ಯಾರೂ ಬರೆದಿಡದ ಕಾನೂನು. ಕಾರ್ಡ್ ನುಡಿಸೋಕೆ ಹೋದರೆ 'ಅದು ಗಿಟಾರಿನವನ ಕೆಲಸ ಕಣಯ್ಯಾ, ನೀನು ನಿನ್ನ ಕೆಲಸ ನೋಡ್ಕೋ' ಅನ್ನೋರೇ ಜಾಸ್ತಿ.

ಈ ಕಾನೂನು ಬಂದಿದ್ದು ಎಲ್ಲಿಂದ? ಅದನ್ನ ಮುರಿದೋರು ಯಾರು? ಮುರಿದು ಏನು ಸಿಕ್ಕಿತು? ಹುಡುಕ್ತಾ ಹೋದಾಗ ಕಂಡಿದ್ದನ್ನ ಇಲ್ಲಿ ಬರೆದಿದ್ದೀನಿ. ಸ್ವಲ್ಪ ಉದ್ದ ಆಗಿದೆ, ಕಾಫಿ ಲೋಟ ಹಿಡಿದುಕೊಂಡೇ ಕೂತ್ಕೊಳ್ಳಿ.

ಬೇಸ್ ಗಿಟಾರಿಗೆ ಮುಂಚೆ ಆ ಜಾಗದಲ್ಲಿ ಇದ್ದದ್ದು ಡಬಲ್ ಬೇಸ್. ನೋಡೋಕೆ ಪಿಟೀಲಿನ ದೊಡ್ಡಪ್ಪನ ಹಾಗಿರುತ್ತೆ. ಆಳೆತ್ತರಕ್ಕಿಂತ ಜಾಸ್ತಿ ಎತ್ತರ, ತಂತಿಯ ಉದ್ದವೇ ಸುಮಾರು 106 ಸೆಂಟಿಮೀಟರ್. ಪಾಶ್ಚಾತ್ಯ ಪಿಟೀಲಿನಲ್ಲಿ ಅಕ್ಕಪಕ್ಕದ ತಂತಿಗಳ ನಡುವೆ ಸ-ಪ ಅಂತರ ಇರುತ್ತೆ. ಇಷ್ಟುದ್ದದ ತಂತಿಯಲ್ಲಿ ಅದೇ ಅಂತರ ಇಟ್ಟರೆ ಕೈ ಎಟಕಲ್ಲ. ಹಾಗಾಗಿ ಡಬಲ್ ಬೇಸಿನಲ್ಲಿ ಒಂದು ತಂತಿಯಿಂದ ಇನ್ನೊಂದಕ್ಕೆ ಸ-ಮ ಅಂತರ, ಅಂದರೆ ಶುದ್ಧ ಮಧ್ಯಮ. ದಪ್ಪ ತಂತಿಯಿಂದ ಶುರುಮಾಡಿದರೆ ಇ, ಎ, ಡಿ, ಜಿ. ಈ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

1930-40ರ ದಶಕದ ಅಮೆರಿಕದ ಡ್ಯಾನ್ಸ್ ಬ್ಯಾಂಡುಗಳಲ್ಲಿ ಡಬಲ್ ಬೇಸಿನವನ ಪಾಡು ಯಾರಿಗೂ ಬೇಡ. ಊರಿಂದೂರಿಗೆ ಆ ಹೆಣಭಾರದ ವಾದ್ಯ ಸಾಗಿಸಬೇಕು. ಅಷ್ಟು ಕಷ್ಟಪಟ್ಟು ತಂದು ನುಡಿಸಿದರೆ ಟ್ರಂಪೆಟ್, ಡ್ರಮ್ಸ್ ಗಲಾಟೆಯಲ್ಲಿ ಒಂದೂ ಕೇಳಲ್ಲ. ಅಷ್ಟರಲ್ಲಿ ಗಿಟಾರಿಗೂ ಕರೆಂಟು ಬಂದಿತ್ತು. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಅನ್ನೋ ಸಂಗೀತಗಾರ 1930ರ ದಶಕದ ಮಧ್ಯದಲ್ಲೇ ಇದಕ್ಕೊಂದು ಉಪಾಯ ಮಾಡಿದ. ಗಿಟಾರಿನ ಹಾಗೆ ಅಡ್ಡ ಹಿಡಿದು ನುಡಿಸುವ ಕರೆಂಟಿನ ಬೇಸ್ ಒಂದನ್ನ ತಯಾರಿಸಿ ಆಡಿಯೋವಾಕ್ಸ್ ಅನ್ನೋ ಹೆಸರಿನಲ್ಲಿ ಮಾರಿದ. ಆದರೆ ಕೊಂಡವರು ಕಮ್ಮಿ. ಕಾಲಕ್ಕಿಂತ ಮುಂಚೆ ಹುಟ್ಟಿದ ಎಷ್ಟೋ ಐಡಿಯಾಗಳ ಹಾಗೆ ಅದೂ ಮೂಲೆ ಸೇರಿತು.

ನಿಜವಾದ ಬದಲಾವಣೆ ತಂದವನು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್. ಈತ ಸಂಗೀತಗಾರನಲ್ಲ, ಗಿಟಾರ್ ನುಡಿಸೋಕೂ ಬರ್ತಿರಲಿಲ್ಲ. 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಅಂಗಡಿಗೆ ಬರುತ್ತಿದ್ದ ಸಂಗೀತಗಾರರ ದೂರು ಕೇಳಿ ಕೇಳಿ ವಾದ್ಯ ಮಾಡೋಕೆ ಶುರುಮಾಡಿದ. (ಗ್ರಾಹಕರ ದೂರನ್ನ ಇಷ್ಟು ಶ್ರದ್ಧೆಯಿಂದ ಕೇಳುವ ಮ್ಯಾನೇಜರ್ ನಮಗೂ ಒಬ್ಬ ಸಿಕ್ಕಿದ್ದಿದ್ರೆ ಅಂತ ನನಗೆ ಆಗಾಗ ಅನ್ನಿಸುತ್ತೆ.) 1951ರಲ್ಲಿ ಅವನು ತಂದ ವಾದ್ಯದ ಹೆಸರು ಪ್ರಿಸಿಶನ್ ಬೇಸ್. ಡಬಲ್ ಬೇಸಿನ ಕತ್ತಿನ ಮೇಲೆ ಯಾವ ಗುರುತೂ ಇರಲ್ಲ, ಸ್ವರದ ಜಾಗ ಕಿವಿಯಿಂದಲೇ ಹುಡುಕಬೇಕು. ಫೆಂಡರ್ ಅದರ ಬದಲಿಗೆ ನಮ್ಮ ವೀಣೆಯ ಮೆಟ್ಟಿಲಿನ ಹಾಗೆ ಫ್ರೆಟ್ಟುಗಳನ್ನ ಕೂರಿಸಿದ. ಬೆರಳಿಟ್ಟ ಕಡೆ ಸ್ವರ ಕರಾರುವಾಕ್ಕಾಗಿ ಬರುತ್ತೆ, ಅದಕ್ಕೇ ಆ ಹೆಸರು. ತಂತಿಯ ಉದ್ದ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್.

ಇಲ್ಲೊಂದು ಸೂಕ್ಷ್ಮ ಇದೆ. ಫೆಂಡರ್ ಆಕಾರವನ್ನ ಗಿಟಾರಿನಿಂದ ತಗೊಂಡ, ಕೆಲಸವನ್ನ ಡಬಲ್ ಬೇಸಿನಿಂದ ತಗೊಂಡ. ಶ್ರುತಿ ಅದೇ ಇ-ಎ-ಡಿ-ಜಿ. ಡಬಲ್ ಬೇಸಿನವನು ಗುಂಪಿನಲ್ಲಿ ಒಂದೊಂದೇ ಸ್ವರ ನುಡಿಸ್ತಾ ನಡೀತಿದ್ದ, ಇವನೂ ಹಾಗೇ ನಡೀಬೇಕು. ಲಯೋನೆಲ್ ಹ್ಯಾಂಪ್ಟನ್ ಬ್ಯಾಂಡಿನ ಮಾಂಕ್ ಮಾಂಟ್ಗೊಮರಿ ಈ ಹೊಸ ವಾದ್ಯವನ್ನ ಹಿಡಿದ ಮೊದಲಿಗರಲ್ಲಿ ಒಬ್ಬ. 1953ರಲ್ಲೇ ಆರ್ಟ್ ಫಾರ್ಮರ್ ಜೊತೆ ಜ್ಯಾಝ್ ರೆಕಾರ್ಡಿಂಗಿನಲ್ಲಿ ಇದನ್ನ ನುಡಿಸಿದ. ಅವನು ನುಡಿಸಿದ್ದೂ ಡಬಲ್ ಬೇಸಿನವನ ನಡಿಗೆಯನ್ನೇ. ಅಂದರೆ ಒಂದೇ ಸ್ವರದ ಕಾನೂನು ಈ ವಾದ್ಯಕ್ಕೆ ಹುಟ್ಟಿನಿಂದ ಬಂದ ಆಸ್ತಿ. ಅಪ್ಪನ ಅಂಗಡಿಯನ್ನ ಮಗ ನೋಡಿಕೊಂಡ ಹಾಗೆ.

ಆದರೆ ಕಾನೂನಿನ ಹಿಂದೆ ಬರೀ ಅಭ್ಯಾಸ ಮಾತ್ರ ಇಲ್ಲ, ಭೌತಶಾಸ್ತ್ರವೂ ಇದೆ. ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ...

ಬೇಸಿನ ಅತಿ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41.2 ಸಲ ಕಂಪಿಸುತ್ತೆ. ಅದನ್ನ ಸ ಅಂತ ಇಟ್ಟುಕೊಳ್ಳಿ. ಅದರ ಪಕ್ಕದಲ್ಲೇ ಇರುವ ಅಂತರ ಗಾಂಧಾರ ಸುಮಾರು 51.9. ಎರಡರ ನಡುವೆ ಹನ್ನೊಂದೂ ಇಲ್ಲ. ಯಾವ ತಂತಿಯೂ ಒಂದೇ ಕಂಪನ ಹೊರಡಿಸಲ್ಲ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಲ್ಲ ಒಟ್ಟಿಗೇ ಬರುತ್ತೆ. ಎರಡರಷ್ಟರ ವ್ಯತ್ಯಾಸ 21, ಮೂರರಷ್ಟರ ವ್ಯತ್ಯಾಸ 32. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಬರೆದ ತನ್ನ ದೊಡ್ಡ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದ. ಎರಡು ಕಂಪನಗಳ ವ್ಯತ್ಯಾಸ ಸೆಕೆಂಡಿಗೆ 30ರ ಆಸುಪಾಸು ಬಂದಾಗ ನಮ್ಮ ಕಿವಿಗೆ ಅತಿ ಹೆಚ್ಚು ಕಿರಿಕಿರಿ, ಒರಟು ಒರಟಾಗಿ ಕೇಳುತ್ತೆ ಅಂತ. ಗಿಟಾರಿನ ಮೇಲಿನ ತಂತಿಗಳಲ್ಲಿ ಇದೇ ಸ-ಗ ನುಡಿಸಿದರೆ ಕಂಪನಗಳು 330 ಮತ್ತು 415. ನಡುವೆ 85ರಷ್ಟು ಜಾಗ. ಜೇನಿನ ಹಾಗೆ ಕೇಳುತ್ತೆ. ಬೇಸಿನ ತಳದಲ್ಲಿ ನುಡಿಸಿದರೆ ಖಾಲಿ ಲಾರಿ ಹಳ್ಳದಲ್ಲಿ ಇಳಿದ ಹಾಗೆ ಗುಡುಗುಡು. ಕಿರಿದಾದ ಗಲ್ಲಿಯಲ್ಲಿ ಎರಡು ಬಿಎಂಟಿಸಿ ಬಸ್ಸು ಎದುರಾದರೆ ಹೇಗೋ ಹಾಗೆ. ಎರಡೂ ಒಳ್ಳೆಯ ಬಸ್ಸೇ, ಜಾಗ ಸಾಲದು ಅಷ್ಟೆ.

ಅಂದರೆ ಗಿಟಾರಿನ ಶೇಪುಗಳನ್ನ ಹಾಗೇ ಎತ್ತಿ ಬೇಸಿನ ಮೇಲೆ ಇಟ್ಟರೆ ಆಗಲ್ಲ. ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ಮನೆಯಲ್ಲೇ ಇದೆ, ತಂಬೂರಿಯಲ್ಲಿ. ಅದಕ್ಕೂ ನಾಲ್ಕೇ ತಂತಿ! ಪ, ಸ, ಸ, ಮತ್ತು ಕೊನೆಯಲ್ಲಿ ಮಂದ್ರದ ಸ. ಕೆಳಗಿಂದ ಮೇಲಕ್ಕೆ ಜೋಡಿಸಿದರೆ ಸ-ಪ-ಸ. ಗಾಂಧಾರದ ತಂತಿಯೇ ಇಲ್ಲ. ಆದರೂ ಶ್ರುತಿ ಚೆನ್ನಾಗಿ ಸೇರಿದ ತಂಬೂರಿಯನ್ನ ಸುಮ್ಮನೆ ಕೂತು ಕೇಳಿದರೆ ಮೇಲೆಲ್ಲೋ ಅಂತರ ಗಾಂಧಾರ ತಾನಾಗೇ ತೇಲಿಬರುತ್ತೆ. ತಂತಿಯ ಐದರಷ್ಟು ಕಂಪನ ಅದು. ಒಂದು ತಂತಿಯಲ್ಲಿ ಹುಟ್ಟುವ ಸ್ವರಗಳನ್ನ ಕ್ರಮವಾಗಿ ಬರೆದರೆ ಸ, ಮೇಲಿನ ಸ, ಪ, ಅದರ ಮೇಲಿನ ಸ, ಗ, ಪ... ಹೀಗೆ ಹೋಗುತ್ತೆ. ಗಮನಿಸಿ, ಕೆಳಗೆ ದೂರದೂರ, ಮೇಲೆ ಹೋಗ್ತಾ ಹೋಗ್ತಾ ಹತ್ತಿರ ಹತ್ತಿರ. ಪ್ರಕೃತಿಯೇ ಹಾಕಿಕೊಟ್ಟ ಲೇಔಟ್ ಇದು. ತಳದಲ್ಲಿ ಜಾಗ ಬಿಡಬೇಕು.

ಜಾಗ ಬಿಡುವ ಈ ಗುಟ್ಟು ಬೇಸ್ ಗಿಟಾರ್ ಹುಟ್ಟುವ ಎಷ್ಟೋ ವರ್ಷ ಮೊದಲೇ ಬೇರೆಬೇರೆ ವಾದ್ಯದವರಿಗೆ ಗೊತ್ತಿತ್ತು. ಬಾಖ್ 1720ರ ಸುಮಾರಿಗೆ ಒಂಟಿ ಚೆಲ್ಲೋ ವಾದ್ಯಕ್ಕೆ ಆರು ಸೂಟ್‌ಗಳನ್ನ ಬರೆದ. ಮೊದಲನೆಯದು ಶುರುವಾಗೋದೇ ಮೂರು ಸ್ವರದಿಂದ: ಜಿ, ಡಿ, ಬಿ. ನಮ್ಮ ಲೆಕ್ಕದಲ್ಲಿ ಸ, ಪ, ಆಮೇಲೆ ಪಕ್ಕದ ಗಾಂಧಾರ ಬಿಟ್ಟು ಅದರ ಮೇಲಿನ ಸ್ಥಾಯಿಯ ಗ. ಮೂರನ್ನೂ ಒಟ್ಟಿಗೆ ಬಾರಿಸಲ್ಲ, ಒಂದಾದ ಮೇಲೊಂದು ಬರುತ್ತೆ. ಆದರೂ ಕಿವಿಗೆ ಕಾರ್ಡ್ ಕೇಳುತ್ತೆ. ಒಬ್ಬನೇ ಕೂತು ಒಂದೊಂದೇ ಸ್ವರ ನುಡಿಸ್ತಾ ತುಂಬಿದ ಸಭೆಯನ್ನೇ ಕಟ್ಟಿಬಿಡೋದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಎಷ್ಟೋ ಬೇಸ್ ಕಲಿಯೋರು ಇವತ್ತಿಗೂ ಇದನ್ನ ಅಭ್ಯಾಸ ಮಾಡ್ತಾರೆ.

ಮೇಲಿನ ಸ್ಥಾಯಿಯ ಈ ಗಾಂಧಾರಕ್ಕೆ ಪಾಶ್ಚಾತ್ಯರು ಹತ್ತನೆಯ ಸ್ವರ ಅಂತಾರೆ. 1920-30ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಪಿಯಾನೋ ವಾದಕರು, ಮುಖ್ಯವಾಗಿ ಫ್ಯಾಟ್ಸ್ ವಾಲರ್, ಎಡಗೈಯನ್ನ ಅಷ್ಟಗಲ ಚಾಚಿ ಇದೇ ಸ ಮತ್ತು ಹತ್ತನೆಯ ಗ ನುಡಿಸ್ತಿದ್ದರು. ಕೌಂಟ್ ಬೇಸಿಯ ದೊಡ್ಡ ಬ್ಯಾಂಡಿಗೆ 1937ರಲ್ಲಿ ಸೇರಿ 1987ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ ಫ್ರೆಡ್ಡಿ ಗ್ರೀನ್ ಅನ್ನೋ ಗಿಟಾರಿಸ್ಟ್ ಆರು ತಂತಿ ಇದ್ದರೂ ಮೂರೇ ಸ್ವರದ ಕಾರ್ಡುಗಳಿಗೆ ಹೆಸರಾಗಿದ್ದ. ಕರೆಂಟಿಲ್ಲದ ಗಿಟಾರ್, ಹದಿನೈದಕ್ಕೂ ಹೆಚ್ಚು ಜನರ ಬ್ಯಾಂಡು, ಆದರೂ ಅವನ ಗಿಟಾರ್ ಆ ಬ್ಯಾಂಡಿನ ಬೆನ್ನೆಲುಬು. ಅವನು ಬಿಡುತ್ತಿದ್ದದ್ದು ಏನು ಅಂದರೆ ಹೆಚ್ಚಾಗಿ ಪಂಚಮ. ಪಂಚಮ ಇದ್ದರೂ ಇಲ್ಲದಿದ್ದರೂ ಕಾರ್ಡಿನ ಸ್ವಭಾವ ಬದಲಾಗಲ್ಲ. ಅದು ಸಂತೋಷವೋ, ದುಃಖವೋ, ಚಡಪಡಿಕೆಯೋ ಅಂತ ಹೇಳೋದು ಗ ಮತ್ತು ನಿ.

ಈಗ ಶೇಪಿಗೆ ಬರೋಣ. ಬೇಸ್ ಇಲ್ಲದೋರೂ ಓದಿ, ಅರ್ಥವಾಗುತ್ತೆ. ನಾಲ್ಕೂ ತಂತಿಗಳ ನಡುವೆ ಒಂದೇ ಅಂತರ ಅಂದೆನಲ್ಲ, ಅದರಿಂದ ದೊಡ್ಡ ಉಪಕಾರ ಆಗಿದೆ. ಗಿಟಾರಿನಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಅಂತರ ಬೇರೆ ಇರೋದರಿಂದ ಒಂದು ಶೇಪನ್ನ ಪಕ್ಕದ ತಂತಿಗೆ ಸರಿಸಿದರೆ ಕೆಟ್ಟುಹೋಗುತ್ತೆ. ಬೇಸಿನಲ್ಲಿ ಎಲ್ಲಿಗೆ ಸರಿಸಿದರೂ ಅದೇ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದರೆ ಒಂದೇ ಫಂಕ್ಷನ್, ಆರಂಭದ ಬೆಲೆ ಮಾತ್ರ ಬೇರೆ.

ಮೊದಲನೇ ಶೇಪು ತಂಬೂರಿಯದು: ಸ-ಪ-ಸ. ಇ ತಂತಿಯ ಮೂರನೇ ಮನೆ, ಎ ತಂತಿಯ ಐದನೇ ಮನೆ, ಡಿ ತಂತಿಯ ಐದನೇ ಮನೆ. (ಎರಡು ಫ್ರೆಟ್ಟಿನ ನಡುವಿನ ಜಾಗಕ್ಕೆ ನಾನು ಮನೆ ಅಂತಿದೀನಿ, ಚೌಕಾಬಾರದ ಮನೆ ಥರ.) ಇದನ್ನೇ ರಾಕ್ ಸಂಗೀತದವರು ಪವರ್ ಕಾರ್ಡ್ ಅಂತಾರೆ.

ಎರಡನೇ ಶೇಪು ಬಾಖ್‌ನ ಆ ಮೂರು ಸ್ವರದ್ದು: ಸ-ಪ-ಗ. ಇ ತಂತಿಯ ಮೂರು, ಎ ತಂತಿಯ ಐದು, ಜಿ ತಂತಿಯ ನಾಲ್ಕು. ನಡುವಿನ ಡಿ ತಂತಿಯನ್ನ ಮುಟ್ಟೋದೇ ಇಲ್ಲ.

ಮೂರನೇದು ನನಗೆ ತುಂಬ ಇಷ್ಟವಾದದ್ದು: ಸ-ನಿ-ಗ. ಇ, ಡಿ, ಜಿ ಮೂರೂ ತಂತಿಗಳ ಐದನೇ ಮನೆ ಒತ್ತಿ. ಮೂರೂ ಬೆರಳು ಸಾಲಾಗಿ. ಅದು ಎ ಮೈನರ್ ಸೆವೆಂತ್. ಸ, ಕೈಶಿಕಿ ನಿಷಾದ, ಸಾಧಾರಣ ಗಾಂಧಾರ. ಜಿ ತಂತಿಯ ಬೆರಳನ್ನ ಒಂದು ಮನೆ ಮೇಲೆ ಸರಿಸಿ, ಸಾಧಾರಣ ಗಾಂಧಾರ ಅಂತರ ಗಾಂಧಾರ ಆಯ್ತು, ಕಾರ್ಡು ಎ ಸೆವೆಂತ್ ಆಯ್ತು. ಡಿ ತಂತಿಯ ಬೆರಳನ್ನೂ ಒಂದು ಮನೆ ಸರಿಸಿ, ಕೈಶಿಕಿ ಹೋಗಿ ಕಾಕಲಿ ನಿಷಾದ ಬಂತು, ಎ ಮೇಜರ್ ಸೆವೆಂತ್. ಒಂದೊಂದು ಮನೆಯ ವ್ಯತ್ಯಾಸಕ್ಕೆ ಕಾರ್ಡಿನ ಮುಖಭಾವವೇ ಬೇರೆ. ಕಟಪಯಾದಿ, ಮೇಳಕರ್ತ ಅಂತೆಲ್ಲ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಬರೀ ಗ ಮತ್ತು ನಿ ಬದಲಾದರೆ ರಾಗ ಬೇರೆಯಾಗೋದು ನಮಗೆ ಗೊತ್ತೇ ಇದೆ.

ಇನ್ನೂ ಒಂದು ಹೆಜ್ಜೆ. ಜ್ಯಾಝ್‌ನಲ್ಲಿ ಸಾವಿರಾರು ಸಲ ಬರುವ ಮೂರು ಕಾರ್ಡಿನ ಸಾಲೊಂದಿದೆ: ಎ ಮೈನರ್ ಸೆವೆಂತ್, ಡಿ ಸೆವೆಂತ್, ಜಿ ಮೇಜರ್ ಸೆವೆಂತ್. ಮೊದಲನೆಯದು ಈಗಷ್ಟೇ ಹೇಳಿದ ಐದು-ಐದು-ಐದು. ಎರಡನೆಯದಕ್ಕೆ ತಳದ ಸ್ವರ ಎ ತಂತಿಯ ಐದನೇ ಮನೆಗೆ ಹೋಗುತ್ತೆ, ಡಿ ತಂತಿಯಲ್ಲಿ ಐದರಿಂದ ನಾಲ್ಕಕ್ಕೆ ಇಳಿದರೆ ಸಾಕು, ಜಿ ತಂತಿ ಇದ್ದಲ್ಲೇ. ಮೂರನೆಯದಕ್ಕೆ ತಳದ ಸ್ವರ ಇ ತಂತಿಯ ಮೂರನೇ ಮನೆ, ಈಗ ಡಿ ತಂತಿ ಇದ್ದಲ್ಲೇ, ಜಿ ತಂತಿ ಐದರಿಂದ ನಾಲ್ಕಕ್ಕೆ. ಮೂರು ಕಾರ್ಡು ಬದಲಾದರೂ ಮೇಲಿನ ಎರಡು ಸ್ವರಗಳು ಜರುಗಿದ್ದು ಒಂದೊಂದೇ ಮನೆ. ಕೆಳಗೆ ತಳದ ಸ್ವರ ದೊಡ್ಡ ಹೆಜ್ಜೆ ಹಾಕುತ್ತೆ, ಮೇಲೆ ಇಬ್ಬರು ಬಾಗಿಲು ಬಿಟ್ಟು ಅಲುಗಾಡದ ಅಜ್ಜಿಯರ ಹಾಗೆ ಸ್ವಲ್ಪ ಸರಿದು ಕೂರ್ತಾರೆ :) ಇದನ್ನ ಮೊದಲ ಸಲ ಬೆರಳಿನ ಕೆಳಗೆ ಕಂಡ ದಿನ ರಾತ್ರಿ ಎರಡು ಗಂಟೆವರೆಗೂ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ನುಡಿಸ್ತಾ ಕೂತಿದ್ದೆ.

ನಾನು ಈ ಶೇಪುಗಳ ಹಿಂದೆ ಬಿದ್ದದ್ದಕ್ಕೆ ಕಾರಣವೂ ಇದೆ. ಇಂಜಿನಿಯರಿಂಗ್ ಓದುವಾಗ ನಾವು ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿದ್ವಿ. ಕಾಲೇಜು ಮುಗೀತು, ಡ್ರಮ್ಮರ್ ಪುಣೆಗೆ ಹೋದ, ಗಿಟಾರಿನವನು ಎಂಎಸ್ ಮಾಡ್ತೀನಿ ಅಂತ ಟೆಕ್ಸಾಸಿಗೆ, ಹಾಡುತ್ತಿದ್ದವಳು ಮದುವೆಯಾಗಿ ಮೈಸೂರಿಗೆ. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಉಳಿದದ್ದು ನಾನು ಮತ್ತು ನನ್ನ ಬೇಸ್. ಒಂಟಿ ಬೇಸ್ ನುಡಿಸೋದು ಅಂದರೆ ಪಕ್ಕದಲ್ಲಿ ಯಾರೋ ಫೋನಿನಲ್ಲಿ ಮಾತಾಡೋದನ್ನ ಕೇಳಿಸಿಕೊಂಡ ಹಾಗೆ. 'ಹೌದಾ... ಹೂಂ... ಆಮೇಲೆ?' ಇಷ್ಟೇ ಕೇಳುತ್ತೆ, ಆ ಕಡೆಯವರು ಏನಂದರು ಅಂತ ಗೊತ್ತಾಗಲ್ಲ. ಊರಿಗೆ ತಗೊಂಡು ಹೋದಾಗ ಅಮ್ಮ ಅರ್ಧ ಗಂಟೆ ಕೇಳಿ, 'ಅದೇನೋ ಡುಂ ಡುಂ ಅಂತ ಚೆನ್ನಾಗೇ ಇದೆ ಕಣೋ, ಹಾಡು ಯಾವಾಗ ಬರತ್ತೆ?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಡೆಯವರ ಮಾತನ್ನೂ ಇದರಲ್ಲೇ ಕೇಳಿಸೋಕೆ ಆಗುತ್ತಾ ಅಂತ ಹುಡುಕಾಟ ಶುರುವಾಗಿದ್ದು ಆಗಲೇ.

ಈ ಪ್ರಶ್ನೆ ನನಗಿಂತ ಮುಂಚೆ ದೊಡ್ಡ ದೊಡ್ಡವರಿಗೆ ಬಂದಿತ್ತು, ಒಬ್ಬೊಬ್ಬರದೂ ಒಂದೊಂದು ಉತ್ತರ.

ಕ್ಯಾರಲ್ ಕೇ ಅನ್ನೋ ಹೆಣ್ಣುಮಗಳು 1935ರಲ್ಲಿ ಹುಟ್ಟಿದವರು, ಲಾಸ್ ಏಂಜಲೀಸಿನ ಜ್ಯಾಝ್ ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸ್ತಿದ್ದವರು. 1963ರ ಸುಮಾರಿಗೆ ಒಂದು ರೆಕಾರ್ಡಿಂಗಿಗೆ ಬೇಸಿನವನು ಬರಲಿಲ್ಲ ಅಂತ ಬೇಸ್ ಕೈಗೆತ್ತಿಕೊಂಡರು, ಮತ್ತೆ ಕೆಳಗಿಡಲಿಲ್ಲ. ಸಾವಿರಾರು ರೆಕಾರ್ಡಿಂಗ್ ಮಾಡಿದರು. 1969ರಲ್ಲಿ ಬೇಸ್ ಕಲಿಸುವ ಪುಸ್ತಕ ಬರೆದರು. ಅವರ ಪಾಠದ ಸಾರ ಇಷ್ಟೇ: ಸರಳೆ ಥರ ಸ್ಕೇಲುಗಳನ್ನ ಉರುಹೊಡೆಯಬೇಡಿ, ಕಾರ್ಡಿನ ಸ್ವರಗಳನ್ನ ಕಲೀರಿ. ಗಿಟಾರಿನಿಂದ ಬಂದವರಾದ್ದರಿಂದ ಕಾರ್ಡುಗಳು ಅವರ ತಲೆಯಲ್ಲಿ ಮೊದಲೇ ಇದ್ದವು. ಕೈ ಒಂದೇ ಸ್ವರ ನುಡಿಸಿದರೂ ತಲೆಯಲ್ಲಿ ಮೂರೂ ಓಡ್ತಿದ್ದವು. 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನ ಆರಿಸಿದಾಗ ಬರೋದಿಲ್ಲ ಅಂದುಬಿಟ್ಟರು. ಸ್ಟುಡಿಯೋ ಕೆಲಸ ಎಲ್ಲರೂ ಸೇರಿ ಮಾಡಿದ್ದು, ಒಬ್ಬರದಲ್ಲ ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಅಸಲಿ ಬೇಸಿನವರ ಮಾತು!

ಅದೇ ಕಾಲಕ್ಕೆ ಡೆಟ್ರಾಯ್ಟಿನಲ್ಲಿ ಜೇಮ್ಸ್ ಜಾಮರ್ಸನ್. 1936ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದವನು, ಡಬಲ್ ಬೇಸ್ ಕಲಿತವನು. 1959ರಲ್ಲಿ ಶುರುವಾದ ಮೋಟೌನ್ ಕಂಪನಿ ಮನೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡಿತ್ತು. ಅಲ್ಲಿ ಕೂತು 60ರ ದಶಕದ ಹಿಟ್ ಹಾಡುಗಳಿಗೆಲ್ಲ ಬೇಸ್ ನುಡಿಸಿದ. ಬಲಗೈಯ ತೋರುಬೆರಳು ಒಂದನ್ನೇ ಬಳಸ್ತಿದ್ದ, ತಂತಿ ಬದಲಾಯಿಸ್ತಾನೇ ಇರಲಿಲ್ಲ. ಅವನು ಕಾರ್ಡ್ ಬಾರಿಸಲಿಲ್ಲ. ಆದರೆ ಅವನ ಬೇಸನ್ನಷ್ಟೇ ಬೇರೆ ಮಾಡಿ ಕೇಳಿದರೆ ಹಾಡಿನ ಕಾರ್ಡುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಬಾಖ್‌ನ ಚೆಲ್ಲೋದ ಹಾಗೆ. ದುಃಖದ ಸಂಗತಿ ಅಂದರೆ ಇಷ್ಟೆಲ್ಲ ಮಾಡಿದವನ ಹೆಸರು ವರ್ಷಗಟ್ಟಲೆ ರೆಕಾರ್ಡುಗಳ ಮೇಲೆ ಬರಲೇ ಇಲ್ಲ. 1971ರ ಮಾರ್ವಿನ್ ಗೇ ಆಲ್ಬಮ್ ವಾಟ್ಸ್ ಗೋಯಿಂಗ್ ಆನ್ ಬರುವವರೆಗೂ ಕಾಯಬೇಕಾಯ್ತು. 1983ರಲ್ಲಿ ತೀರಿಕೊಂಡಾಗ 47 ವರ್ಷ. ಹಾಲ್ ಆಫ್ ಫೇಮಿಗೆ ಸೇರಿಸಿದ್ದು 2000ದಲ್ಲಿ, ಹೋಗಿ ಹದಿನೇಳು ವರ್ಷ ಆದ ಮೇಲೆ.

ಕಾನೂನನ್ನ ನೇರವಾಗಿ ಮುರಿದವನು ಇಂಗ್ಲೆಂಡಿನ ಲೆಮ್ಮಿ. ಇವನೂ ಮೂಲತಃ ಗಿಟಾರಿನವನು. 1971ರಲ್ಲಿ ಹಾಕ್‌ವಿಂಡ್ ಬ್ಯಾಂಡಿಗೆ ಸೇರುವಾಗ ಬೇಸ್ ನುಡಿಸಿ ಗೊತ್ತೇ ಇರಲಿಲ್ಲ. ಗೊತ್ತಿದ್ದ ಗಿಟಾರನ್ನೇ ಬೇಸಿನ ಮೇಲೆ ನುಡಿಸಿದ. 1975ರಲ್ಲಿ ಮೋಟರ್‌ಹೆಡ್ ಕಟ್ಟಿದ ಮೇಲಂತೂ ಕಾರ್ಡು ತುಂಬುವ ಗಿಟಾರಿನವನ ಜಾಗವನ್ನೂ ತಾನೇ ತುಂಬಿದ. ಅವನು ಬಾರಿಸಿದ್ದು ಹೆಚ್ಚಾಗಿ ನಮ್ಮ ತಂಬೂರಿ ಶೇಪನ್ನೇ, ಅದೂ ಸದ್ದು ಒಡೆದು ಕರಕರ ಅನ್ನುವಷ್ಟು ಜೋರಾಗಿ. ಹಾಗೆ ಒಡೆದಾಗ ಸ ಮತ್ತು ಪ ದ ಕಂಪನಗಳ ವ್ಯತ್ಯಾಸವೂ ಒಂದು ಸ್ವರವಾಗಿ ಕೇಳುತ್ತೆ. ಎರಡರ ಅನುಪಾತ 2:3, ವ್ಯತ್ಯಾಸ 1. ಅಂದರೆ ಕೆಳಸ್ಥಾಯಿಯ ಸ! ಗಲಾಟೆ ಮಾಡಿದರೂ ಶ್ರುತಿ ಬಿಡಲ್ಲ. ಅಲ್ಲಿ ಗಾಂಧಾರ ಸೇರಿಸಿದ್ದರೆ ಕೆಸರಾಗುತ್ತಿತ್ತು.

ಜಾಕೊ ಪಾಸ್ಟೋರಿಯಸ್ ಹಿಡಿದದ್ದು ಇನ್ನೊಂದು ದಾರಿ. 1976ರಲ್ಲಿ ತನ್ನ ಮೊದಲ ಆಲ್ಬಮ್ ತಂದಾಗ ಅವನಿಗೆ 24. ಅದರಲ್ಲಿ ಪೋರ್ಟ್ರೇಟ್ ಆಫ್ ಟ್ರೇಸಿ ಅನ್ನೋ ಎರಡೂವರೆ ನಿಮಿಷಕ್ಕಿಂತ ಚಿಕ್ಕ ತುಣುಕಿದೆ. ಬೇಸ್ ಬಿಟ್ಟು ಬೇರೆ ವಾದ್ಯವೇ ಇಲ್ಲ, ಆದರೂ ಗಂಟೆಗಳ ಹಾಗೆ ಕಾರ್ಡುಗಳು ಕೇಳುತ್ತವೆ. ತಂತಿಯನ್ನ ಒತ್ತದೆ, ಸರಿಯಾದ ಜಾಗದಲ್ಲಿ ಬೆರಳಿನಿಂದ ಸುಮ್ಮನೆ ಸವರಿದರೆ ಮೂಲ ಸ್ವರ ಅಡಗಿ ಅದರ ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನ ಮಾತ್ರ ಕೇಳುತ್ತೆ. ತಂಬೂರಿಯಲ್ಲಿ ತಾನಾಗೇ ತೇಲುವ ಗಾಂಧಾರ ಅಂದೆನಲ್ಲ, ಜಾಕೊ ಅದನ್ನ ಕೈ ಹಾಕಿ ಹಿಡಿದ. 1987ರಲ್ಲಿ ತೀರಿಕೊಂಡ, 35 ವರ್ಷಕ್ಕೇ. ಇನ್ನು ಆಂಟನಿ ಜಾಕ್ಸನ್, ಬೇಸ್ ಕೂಡ ಗಿಟಾರ್ ಕುಟುಂಬದ್ದೇ ತಾನೆ, ಇದಕ್ಕೂ ಆರು ತಂತಿ ಯಾಕಿರಬಾರದು ಅಂತ ಕೇಳಿದ. 1975ರಲ್ಲಿ ಕಾರ್ಲ್ ಥಾಂಪ್ಸನ್ ಕೈಯಲ್ಲಿ ಮಾಡಿಸಿದ ಅವನ ವಾದ್ಯದಲ್ಲಿ ಕೆಳಗೊಂದು ಬಿ, ಮೇಲೊಂದು ಸಿ ತಂತಿ. ನಡುವಿನ ಅಂತರ ಮಾತ್ರ ಅದೇ ಮಧ್ಯಮ. ಹಾಗಾಗಿ ಹಳೇ ಶೇಪುಗಳೆಲ್ಲ ಅದರಲ್ಲೂ ನಡೆದವು, ಜೊತೆಗೆ ಮೇಲೆ ಹೊಸ ಜಾಗ ಸಿಕ್ಕಿತು.

ಇವರೆಲ್ಲರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇದು. ಮುರಿದದ್ದು ಮನುಷ್ಯರು ಮಾಡಿದ ಕಾನೂನನ್ನ ಮಾತ್ರ, ಇದು ನಿನ್ನ ಕೆಲಸ, ಅದು ಅವನ ಕೆಲಸ ಅನ್ನೋದನ್ನ. ಪ್ರಕೃತಿಯ ಕಾನೂನನ್ನ ಯಾರೂ ಮುರಿಯಲಿಲ್ಲ. ಲೆಮ್ಮಿ ಗಾಂಧಾರ ಬಿಟ್ಟ. ಜಾಕೊ ತಳ ಬಿಟ್ಟು ಮೇಲೆ ಹೋದ. ಜಾಕ್ಸನ್ ಮೇಲೊಂದು ತಂತಿ ಕಟ್ಟಿಸಿದ. ಜಾಮರ್ಸನ್ ಒಟ್ಟಿಗೆ ಬಾರಿಸೋದನ್ನೇ ಬಿಟ್ಟ. ಬೇಸಿನ ಕಾರ್ಡುಗಳ ಇತಿಹಾಸ ಅಂದರೆ ಏನನ್ನ ಬಿಡಬೇಕು ಅಂತ ಕಲಿತವರ ಇತಿಹಾಸ.

ನಮ್ಮ ಕಡೆಯ ಸಂಬಂಧವೂ ಒಂದಿದೆ, ಹೇಳದೆ ಇರೋಕಾಗಲ್ಲ. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗೋಕೆ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದರು, ಗಿಟಾರ್ ನುಡಿಸ್ತಿದ್ದರು. ಅವರ ಮೊದಲ ಚಿತ್ರ ಬಂದದ್ದೂ 1976ರಲ್ಲೇ, ಜಾಕೊ ಆಲ್ಬಮ್ ಬಂದ ವರ್ಷ. ಕನ್ನಡದಲ್ಲಿ ಅವರು ಸಂಗೀತ ಕೊಟ್ಟ ಗೀತಾ (1981) ಮತ್ತು ಪಲ್ಲವಿ ಅನುಪಲ್ಲವಿ (1983) ಹಾಡುಗಳನ್ನ ನಾವೆಲ್ಲ ನೂರಾರು ಸಲ ಕೇಳಿದ್ದೀವಿ. ಈ ಸಲ ಬರೀ ಬೇಸ್ ಹಿಡಿದು ಕೇಳಿ. ಅದು ತಳದಲ್ಲಿ ಸುಮ್ಮನೆ ತಾಳ ಹಾಕ್ತಾ ಕೂತಿಲ್ಲ, ತಾನೇ ಇನ್ನೊಂದು ಹಾಡು ಹಾಡ್ತಿದೆ. ಕಾರ್ಡಿನ ಸ್ವರಗಳ ಮೇಲೆ ಮೆಟ್ಟಿಲು ಹತ್ತಿ ಇಳಿದ ಹಾಗೆ. ಆದರೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ಆ ಪುಟ್ಟ ಡಬ್ಬಿಗೆ 41 ಹರ್ಟ್ಜ್ ಹೊರಡಿಸುವ ತಾಕತ್ತಿಲ್ಲ. ಹೆಡ್‌ಫೋನ್ ಹಾಕ್ಕೊಳ್ಳಿ.

ಹಾಗಾದರೆ ಬೇಸಿನವನು ಕಾರ್ಡ್ ನುಡಿಸಬೇಕಾ? ನನ್ನ ಅಭಿಪ್ರಾಯ ಕೇಳಿದರೆ, ಕಲಿಯಲೇಬೇಕು, ಆದರೆ ಬ್ಯಾಂಡಿನಲ್ಲಿ ದಿನಾ ಬಾರಿಸೋಕಲ್ಲ. ಶೇಪು ಬೆರಳಿಗೆ ಬಂದ ಮೇಲೆ ಒಂದೇ ಸ್ವರ ನುಡಿಸುವಾಗಲೂ ಉಳಿದವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಿರುತ್ತೆ. ಹಾಡುವವರು ಗಾಂಧಾರದ ಮೇಲೆ ನಿಂತಾಗ ನಾನು ಅಲ್ಲಿಗೆ ಹೋಗಿ ಕಾಲು ತುಳಿಯಲ್ಲ. ಒಂಟಿಯಾಗಿದ್ದಾಗ ಮೂರೂ ಪಾತ್ರ ನಾನೇ ಮಾಡ್ತೀನಿ. ಮೊನ್ನೆ ಅಮ್ಮನಿಗೆ ಫೋನಿನಲ್ಲಿ ಸ-ನಿ-ಗ ಶೇಪಿನಲ್ಲೇ ಒಂದು ಹಳೇ ಭಾವಗೀತೆಗೆ ಕಾರ್ಡು ಹಿಡಿದೆ, ಅವರೇ ಹಾಡಿಕೊಂಡರು. ಡುಂ ಡುಂ ಅನ್ನೋ ಮಾತು ಬರಲಿಲ್ಲ.

ವೀಣೆ ನುಡಿಸೋರು ಯಾರಾದರೂ ಇದನ್ನ ಓದ್ತಿದ್ದರೆ ಒಂದು ಕೇಳ್ಕೋತೀನಿ. ವೀಣೆಯಲ್ಲಿ ತಾಳದ ತಂತಿ ಸ-ಪ-ಸ ಮೀಟುತ್ತಾ ನುಡಿಸುವಾಗ ಮೇಲಿನ ಗಾಂಧಾರ ಎಲ್ಲಿ ಚೆನ್ನಾಗಿ ಕೂಡುತ್ತೆ, ಎಲ್ಲಿ ಒಡೆಯುತ್ತೆ, ನಿಮ್ಮ ಕಿವಿಗೆ ಏನನ್ನಿಸುತ್ತೆ? ಪುಸ್ತಕದ ಲೆಕ್ಕಕ್ಕಿಂತ ಅದು ದೊಡ್ಡದು. ಬರೆದು ತಿಳಿಸಿ.